ಗಾಡಿ ನಿಂತರೆ ಊರು

(ಗಿರಣಿ ಕಾರ್ಮಿಕರ ಮತ್ತು ಚಿಕ್ಕ ವ್ಯಾಪಾರಸ್ಥರ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ದೊಡ್ಡ ಪಟ್ಟಣಗಳ ಮಾತು ಬೇಡ. ಖಾನಾಪುರ ತಾಲೂಕಿನ ಕಾಡಿನ ನಡುವೆ ಇರುವ ಲೋಂಡಾ ಎಂಬ ಸಣ್ಣ ಊರಿನ ಮಾತನ್ನು ನಿಮ್ಮ ಮುಂದೆ ಇಡುತ್ತೇವೆ. ರೈಲಿನಲ್ಲಿ ಗೋವೆಗೆ ಹೋಗಿ ಬಂದವರೆಲ್ಲ ಆ ಹೆಸರು ಕೇಳಿದ್ದೀರಿ. ಕಿಟಕಿಯಿಂದ ಕೈ ಚಾಚಿ ಚಹಾ ಕೊಂಡಿದ್ದೀರಿ. ಆ ಚಹಾ ಮಾರಿದವನ ಮನೆ ಹೇಗೆ ನಡೆಯುತ್ತದೆ ಎಂದು ವಿಚಾರಿಸಿದವರು ಕಡಿಮೆ. ಆ ಪ್ರಶ್ನೆಗೂ ನಿಮ್ಮ ಗಿರಣಿಗೂ ನಿಮ್ಮ ಅಂಗಡಿಗೂ ಸಂಬಂಧವಿದೆ. ಅದನ್ನು ಹೇಳುವುದಕ್ಕೇ ಇಲ್ಲಿ ನಿಂತಿದ್ದೇವೆ.

ಲೋಂಡಾದಲ್ಲಿ ಮೂರು ಹಾದಿಗಳು ಕೂಡುತ್ತವೆ. ಒಂದು ಅಳ್ನಾವರ, ಧಾರವಾಡ, ಹುಬ್ಬಳ್ಳಿಯ ಕಡೆಗೆ. ಇನ್ನೊಂದು ಬೆಳಗಾವಿ, ಮಿರಜ್, ಪುಣೆಯ ಕಡೆಗೆ. ಮೂರನೆಯದು ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದು ಗೋವೆಯ ಮುರಗಾವ ಬಂದರಕ್ಕೆ. ಈ ಹಾದಿಗಳು ನಮ್ಮ ಮೇಲಿನ ಪ್ರೀತಿಯಿಂದ ಬಂದವಲ್ಲ. 1878ರಲ್ಲಿ ಬ್ರಿಟಿಷರೂ ಪೋರ್ತುಗೀಜರೂ ಒಪ್ಪಂದ ಮಾಡಿಕೊಂಡರು. ಬಂದರದಿಂದ ಕ್ಯಾಸಲ್‌ರಾಕಿಗೆ ಏರುವ ಹಾದಿ 1888ರಲ್ಲಿ ತೆರೆಯಿತು. ಈಚೆ ಕಡೆಯಿಂದ ಸದರ್ನ್ ಮರಾಠಾ ರೇಲ್ವೆ ಕಂಪನಿಯ ಮೀಟರ್ ಗೇಜ್ ಹಾದಿ ಅದನ್ನು ಕೂಡಿತು. ನಮ್ಮ ಎರೆಹೊಲದ ಹತ್ತಿ ಸಮುದ್ರಕ್ಕೆ ಇಳಿಯಲಿ, ಹಡಗು ಹತ್ತಲಿ ಎಂಬುದು ಕಂಪನಿಯವರ ಲೆಕ್ಕ. ಸರಕಿಗಾಗಿ ಹಾದಿ ಹಾಕಿದರು. ಹಾದಿ ಕೂಡಿದಲ್ಲಿ ಜನ ತಾವಾಗಿ ಊರು ಕಟ್ಟಿಕೊಂಡರು.

ಉಗಿ ಎಂಜಿನ್ನಿನ ಕಾಲದಲ್ಲಿ ಜಂಕ್ಷನ್ ಎಂದರೆ ದೊಡ್ಡ ದುಡಿಮೆಯ ಜಾಗ. ಎಂಜಿನ್ನಿಗೆ ನೀರು ಕುಡಿಸಬೇಕು, ಕಲ್ಲಿದ್ದಲು ತುಂಬಬೇಕು, ಬೂದಿ ಬಳಿಯಬೇಕು. ಡಬ್ಬಿಗಳನ್ನು ಒಂದು ಗಾಡಿಯಿಂದ ಬಿಚ್ಚಿ ಮತ್ತೊಂದಕ್ಕೆ ಕಟ್ಟಬೇಕು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಟ್ಟದ ಇಳಿಜಾರು 37ಕ್ಕೆ 1. ಅಂದರೆ 37 ಅಡಿ ನಡೆದರೆ ಒಂದು ಅಡಿ ಏರಿಕೆ. ಭಾರದ ಗಾಡಿಯನ್ನು ಹತ್ತಿಸಲು ಹಿಂದೆ ಬೇರೆ ಎಂಜಿನ್ ಹಚ್ಚಿ ನೂಕಬೇಕು. ಇಷ್ಟೆಲ್ಲ ನಡೆಯುವವರೆಗೆ ಗಾಡಿ ನಿಲ್ಲಬೇಕು. ಗಾಡಿ ನಿಂತರೆ ಜನ ಇಳಿಯುತ್ತಾರೆ. ಇಳಿದವರಿಗೆ ಚಹಾ ಬೇಕು, ಭಜಿ ಬೇಕು, ಬೀಡಿ-ಕಡ್ಡಿಪೆಟ್ಟಿಗೆ ಬೇಕು, ಗಂಟು ಹೊರುವ ಹಮಾಲ ಬೇಕು. ರಾತ್ರಿಯ ಗಾಡಿ ತಪ್ಪಿದವನಿಗೆ ಮಲಗಲು ಜಾಗ ಬೇಕು. ಜಂಕ್ಷನ್ ಊರು ಬದುಕುವುದು ಓಡುವ ಗಾಡಿಯಿಂದಲ್ಲ, ನಿಲ್ಲುವ ಗಾಡಿಯಿಂದ. ಈ ಒಂದು ಮಾತನ್ನು ನೆನಪಿಡಿ.

ಇಂಥ ಊರಿನ ಜನಜೀವನ ಎಂಥದು? ನಾವು ಸಾಲಿ ಮಾಸ್ತರಿಕೆ ಮಾಡುತ್ತಿದ್ದಾಗ ರೇಲ್ವೆ ನೌಕರರ ಮಕ್ಕಳಿಗೆ ಪಾಠ ಹೇಳಿದ್ದೇವೆ. ಒಂದೇ ಹಲಗೆಯ ಮೇಲೆ ನಾಲ್ಕು ಹುಡುಗರು. ಒಬ್ಬನ ಮನೆಯಲ್ಲಿ ಮರಾಠಿ, ಒಬ್ಬನ ಮನೆಯಲ್ಲಿ ಕೊಂಕಣಿ, ಒಬ್ಬನದು ಉರ್ದು, ಮತ್ತೊಬ್ಬನದು ತೆಲುಗು. ಸಾಲಿಯಲ್ಲಿ ಎಲ್ಲರಿಗೂ ಕನ್ನಡ. ವರ್ಷದ ನಡುವೆ ತಂದೆಗೆ ವರ್ಗವಾದರೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಹೊಡೆದುಹಾಕುತ್ತಿದ್ದೆವು, ವಾರದೊಳಗೆ ಇನ್ನೊಂದು ಹೆಸರು ಬರುತ್ತಿತ್ತು. ಹೊಸದಾಗಿ ಬಂದ ಕುಟುಂಬಕ್ಕೆ ಊರಿನಲ್ಲಿ ನೆಂಟರಿಲ್ಲ. ನೆಂಟರ ಕೆಲಸ ಮಾಡುವವರು ಇಬ್ಬರು: ಪಕ್ಕದ ಕ್ವಾರ್ಟರ್ಸಿನ ತಾಯಿ, ಮತ್ತು ಮೂಲೆಯ ಕಿರಾಣಿ ಅಂಗಡಿಯವನು. ಪಗಾರ ಆಗುವತನಕ ಅವನು ಉದ್ರಿ ಬರೆದುಕೊಳ್ಳುತ್ತಾನೆ. ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ, ಪಗಾರದ ದಿನ ಯಾವುದು ಎಂದಷ್ಟೇ ಕೇಳುತ್ತಾನೆ.

ನಗಬೇಡಿ. ಆ ಉದ್ರಿ ಪುಸ್ತಕದಲ್ಲಿ ದೊಡ್ಡ ಸತ್ಯವಿದೆ. ಕಾರ್ಮಿಕನ ಪಗಾರವೇ ಅಂಗಡಿಯವನ ಬಂಡವಾಳ. ಅಂಗಡಿಯವನ ನಂಬಿಕೆಯೇ ಕಾರ್ಮಿಕನ ಆಸರೆ. 1974ರ ಮೇ 8ರಿಂದ 27ರವರೆಗೆ ದೇಶದ ರೇಲ್ವೆ ನೌಕರರು ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ಮುಷ್ಕರ ಹೂಡಿದರು. ಸಾವಿರಾರು ಜನ ಜೈಲಿಗೆ ಹೋದರು, ನೌಕರಿ ಕಳೆದುಕೊಂಡರು. ಅಂದು ಮುಷ್ಕರ ಮುರಿಯಿತು; ಆದರೆ ಕೇಳಿದ್ದ ಬೋನಸ್ಸು 1979ರಲ್ಲಿ ಬಂತು. ಪಗಾರವಿಲ್ಲದ ಅಂಥ ದಿನಗಳಲ್ಲಿ ಕಾರ್ಮಿಕನ ಒಲೆ ಉರಿಯಬೇಕಾದರೆ ಯಾರ ಅಂಗಡಿಯ ಹಿಟ್ಟು ಬರಬೇಕು? ಬೋನಸ್ಸು ಬಂದಾಗ ಆ ಹಣ ಯಾರ ಗಲ್ಲೆಗೆ ಬೀಳುತ್ತದೆ? ನೀವೇ ಲೆಕ್ಕ ಹಾಕಿರಿ.

ಈ ಹಾದಿ ನಾಡಿಗಾಗಿ ಕಷ್ಟವನ್ನೂ ಹೊತ್ತಿದೆ. 1946ರ ಜೂನ್ 18ರಂದು ಡಾ. ಲೋಹಿಯಾ ಮಡಗಾವಿಯಲ್ಲಿ ಪೋರ್ತುಗೀಜರ ಕಟ್ಟಳೆ ಮುರಿದರು. ಅದೇ ವರ್ಷ ಸಪ್ಟೆಂಬರದಲ್ಲಿ ಮತ್ತೆ ಹೋದಾಗ ಕುಳೆಂ ನಿಲ್ದಾಣದಲ್ಲೇ ಅವರನ್ನು ಹಿಡಿದು ಅಗ್ವಾದ ಕೋಟೆಗೆ ಒಯ್ದರು. 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳು ಬರಿಗೈಯಲ್ಲಿ ಗೋವೆಯ ಗಡಿ ದಾಟಿದರು. ಕ್ಯಾಸಲ್‌ರಾಕ್ ಕಡೆಯಿಂದಲೂ ಹೋದರು. ಗಡಿಯುದ್ದಕ್ಕೂ ಆ ದಿನ ಗುಂಡಿಗೆ ಬಿದ್ದವರು ಇಪ್ಪತ್ತಕ್ಕೂ ಹೆಚ್ಚು. ಆಮೇಲೆ ಗೋವೆಯ ಗಾಡಿ ನಿಂತಿತು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾದ ಮೇಲೆಯೇ, 1962ರಲ್ಲಿ, ಗಾಡಿ ಮತ್ತೆ ಗಡಿ ದಾಟಿತು. ಆರು ವರ್ಷಗಳ ಕಾಲ ಜಂಕ್ಷನ್ನಿನ ಮೂರು ಹಾದಿಗಳಲ್ಲಿ ಒಂದು ಗಡಿಯಲ್ಲೇ ಕುರುಡಾಗಿತ್ತು. ಅಂದು ಗಾಡಿ ನಿಂತದ್ದಕ್ಕೆ ಒಂದು ಅರ್ಥವಿತ್ತು. ಇಂದು ನಡೆದಿರುವುದು ಬೇರೆ.

1990ರ ದಶಕದಲ್ಲಿ ಬ್ರಾಡ್ ಗೇಜ್ ಬಂತು. ಉಗಿ ಎಂಜಿನ್ ಹೋಯಿತು. ಗಾಡಿಗಳು ಉದ್ದವಾದವು, ಓಟ ಹೆಚ್ಚಿತು. ನಾವು ಇದನ್ನು ಬೇಡವೆನ್ನುವುದಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟ ರೋಗಿಗೆ ಗಾಡಿ ಬೇಗ ಮುಟ್ಟಲೇಬೇಕು. ಬಾಯ್ಲರಿನ ಮುಂದೆ ಬೇಯುತ್ತಿದ್ದ ಫಾಯರ್‌ಮನ್ನನ ದುಡಿಮೆ ಮರಳಿ ಬರಲಿ ಎಂದು ಯಾವ ಮನುಷ್ಯನೂ ಹೇಳಲಾರ. ನಮ್ಮ ಪ್ರಶ್ನೆ ಒಂದೇ: ವೇಗದ ಲಾಭ ಯಾರಿಗೆ ಹೋಯಿತು, ನಷ್ಟ ಯಾರ ತಲೆಗೆ ಬಿತ್ತು? ಮುರಗಾವ ಬಂದರದಿಂದ ಉಕ್ಕಿನ ಕಾರಖಾನೆಗಳಿಗೆ ಕಲ್ಲಿದ್ದಲು ಹೊತ್ತ ಉದ್ದುದ್ದ ಗಾಡಿಗಳು ಇದೇ ಹಾದಿಯಲ್ಲಿ ಏರಿ ಬರುತ್ತವೆ. ಆ ಗಾಡಿಯಿಂದ ಚಹಾ ಕುಡಿಯಲು ಇಳಿಯುವವರು ಯಾರು?

2020ರ ಮಾರ್ಚಿನಲ್ಲಿ ರೋಗದ ಕಾರಣಕ್ಕೆ ದೇಶದ ಎಲ್ಲ ಪ್ಯಾಸೆಂಜರ್ ಗಾಡಿಗಳು ನಿಂತವು. ಅದು ಆಪತ್ಕಾಲ, ಒಪ್ಪೋಣ. ಆದರೆ ಗಾಡಿಗಳು ಮರಳಿದಾಗ ಪ್ಯಾಸೆಂಜರಿಗೆ ‘ಸ್ಪೆಷಲ್’ ಎಂದು ಹೆಸರಿಟ್ಟು, ಹತ್ತು ರೂಪಾಯಿಯ ಕನಿಷ್ಠ ಟಿಕೀಟಿಗೆ ಮೂವತ್ತು ರೂಪಾಯಿ ಮಾಡಿದರು. ಹಳೆಯ ದರ ಬಂದದ್ದು 2024ರ ಫೆಬ್ರುವರಿಯಲ್ಲಿ. ದೇಶದಲ್ಲಿ ಎಷ್ಟೋ ಸಣ್ಣ ನಿಲ್ದಾಣಗಳ ನಿಲುಗಡೆ ಈ ನಡುವೆ ಕರಗಿಹೋಯಿತು. ಬೆಳಗಿನ ಗಾಡಿಗೆ ಕಾಯಿಪಲ್ಲೆಯ ಬುಟ್ಟಿ ಹೊತ್ತು ಬರುವ ಹೆಣ್ಣುಮಗಳಿಗೂ, ಪಾಳಿಗೆ ಹೋಗುವ ಗಿರಣಿ ಕಾರ್ಮಿಕನಿಗೂ ಮೂವತ್ತು ರೂಪಾಯಿ ಎಂದರೇನು ಎಂಬುದು ದರ ಗೊತ್ತುಮಾಡಿದವರಿಗೆ ತಿಳಿದಿರಲಿಕ್ಕಿಲ್ಲ.

ಇನ್ನು ಕಾಯಿದೆಯ ಮಾತು. ವ್ಯಾಪಾರಸ್ಥ ಮಿತ್ರರು ಗಮನವಿಟ್ಟು ಕೇಳಬೇಕು. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಒಂದು ಕಾಯಿದೆ ಆಯಿತು. ಅದು ಒಳ್ಳೆಯ ಕಾಯಿದೆ. ಆದರೆ ಅದರ ಮೊದಲ ಕಲಮಿನಲ್ಲೇ, ರೇಲ್ವೆಯ ನೆಲಕ್ಕೂ ಗಾಡಿಗಳಿಗೂ ಇದು ಅನ್ವಯಿಸದು ಎಂದು ಬರೆದಿದ್ದಾರೆ. ಇತ್ತ 1989ರ ರೇಲ್ವೆ ಕಾಯಿದೆಯ 144ನೆಯ ಕಲಮು, ಪರವಾನಿಗಿ ಇಲ್ಲದೆ ಗಾಡಿಯಲ್ಲಿ, ನಿಲ್ದಾಣದಲ್ಲಿ ಮಾರುವುದನ್ನು ಅಪರಾಧವೆಂದು ಸಾರುತ್ತದೆ. ಪೇಟೆಯ ಬೀದಿಯಲ್ಲಿ ಶೇಂಗಾ ಮಾರುವವನಿಗೆ ಹಕ್ಕು, ಫಲಾಟಿನ ಮೇಲೆ ಅದೇ ಶೇಂಗಾ ಮಾರುವವನಿಗೆ ದಂಡ.

ನಮ್ಮ ವಿದ್ಯಾರ್ಥಿಯೊಬ್ಬನ ತಾಯಿ ಒಂದು ನಿಲ್ದಾಣದಲ್ಲಿ ಇಡ್ಲಿ ಮಾರುತ್ತಿದ್ದಳು. ಯಾವ ನಿಲ್ದಾಣ ಎಂದು ಹೇಳುವುದಿಲ್ಲ. ಎಲ್ಲ ಕಡೆ ಇದೇ ಕಥೆ. ಒಂದು ದಿನ ಅವಳನ್ನು ಹಿಡಿದು ದಂಡ ಹಾಕಿದರು, ಡಬರಿ ಕಸಿದುಕೊಂಡರು. ಹುಡುಗ ಮೂರು ದಿನ ಸಾಲಿಗೆ ಬರಲಿಲ್ಲ. ನಾಲ್ಕನೆಯ ದಿನ ಬಂದು, “ಸರ್, ಡಬರಿ ಬಿಡಿಸಿಕೊಳ್ಳಾಕ ಅರ್ಜಿ ಬರೆದು ಕೊಡ್ರಿ” ಎಂದ. ಬರೆದುಕೊಟ್ಟೆವು. ಡಬರಿ ಬರಲಿಲ್ಲ. ಒಂದು ಅರ್ಜಿಯಿಂದ ಆಗದ ಕೆಲಸಕ್ಕೆ ಸಂಘಟನೆ ಬೇಕು ಎಂಬ ಪಾಠವನ್ನು ಆ ಹುಡುಗನೇ ನಮಗೆ ಕಲಿಸಿದ. ನಾವು ಖಡು ಕೆಳಗಿಟ್ಟು ಈ ಕೆಲಸಕ್ಕೆ ಬಂದದ್ದಕ್ಕೆ ಅದೂ ಒಂದು ಕಾರಣ.

ಆದ್ದರಿಂದ ನಾವು ಕೇಳುವುದು ಇಷ್ಟು. ಜಂಕ್ಷನ್ ಊರುಗಳಲ್ಲಿ, ಸಣ್ಣ ನಿಲ್ದಾಣಗಳಲ್ಲಿ ತೆಗೆದ ನಿಲುಗಡೆಗಳನ್ನು ಮರಳಿ ಕೊಡಿರಿ. ಬೆಳಗಿನ ಮತ್ತು ಸಂಜೆಯ ಪ್ಯಾಸೆಂಜರ್ ಗಾಡಿ ದುಡಿಯುವವರ ಪಾಳಿಗೆ ಹೊಂದುವಂತೆ ಓಡಲಿ. ಬೀದಿ ವ್ಯಾಪಾರಿಯ ಹಕ್ಕು ರೇಲ್ವೆಯ ನೆಲದಲ್ಲೂ ಸಿಗುವಂತೆ ಕಾಯಿದೆ ತಿದ್ದಿರಿ. ಪರವಾನಿಗಿಯನ್ನು ದೊಡ್ಡ ಗುತ್ತೇದಾರನಿಗೆ ಹರಾಜು ಮಾಡುವ ಬದಲು ಊರಿನ ಮಾರಾಟಗಾರರ ಸಹಕಾರಿ ಸಂಘಕ್ಕೆ ಕೊಡಿರಿ. ಗುತ್ತಿಗೆಯ ಮೇಲೆ ಕಸ ಗುಡಿಸುವವರಿಗೆ, ಹಳಿಯ ಮೇಲೆ ದುಡಿಯುವವರಿಗೆ ಪಗಾರ ಹೊತ್ತಿಗೆ ಸರಿಯಾಗಿ ಸಿಗಲಿ.

ಇದು ಲೋಂಡಾದ ಬೇಡಿಕೆ, ನಮಗೇನು ಎನ್ನಬೇಡಿರಿ. ನಿಮ್ಮ ಊರಿಗೆ ಗಿರಣಿ ಹೇಗೋ ಆ ಊರಿಗೆ ಗಾಡಿ ಹಾಗೆ. ಗಿರಣಿಯ ಭೋಂಗಾ ನಿಂತ ದಿನ ಯಾರ ಅಂಗಡಿಯ ಬಾಗಿಲು ಮೊದಲು ಮುಚ್ಚುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರ್ಮಿಕನೂ ಅಂಗಡಿಯವನೂ ಒಂದೇ ಅರ್ಜಿಗೆ ಸಹಿ ಹಾಕಿರಿ. ಹೊರಗೆ ಮೇಜಿನ ಮೇಲೆ ಕಾಗದ ಇಟ್ಟಿದ್ದೇವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ. ಮನೆಗೆ ಹೋಗುವ ಮುನ್ನ ಈ ಕೆಲಸ ಮುಗಿಸಿ ಹೋಗಬೇಕೆಂದು ನಮ್ಮ ಕಳಕಳಿಯ ವಿನಂತಿ.