ನಿವೃತ್ತಿಯ ವಯಸ್ಸು ಮತ್ತು ನ್ಯಾಯಪೀಠದ ಘನತೆ



ಜವಾಬ್ದಾರಿಯುತ ವೃತ್ತಿಗಳಿಗೆ ಕಡ್ಡಾಯ ನಿವೃತ್ತಿ ಅಗತ್ಯವೇ ಎಂಬುದು ಇಂದಿನ ವಿಷಯ. ವಿಮಾನ ಚಾಲಕರು, ಶಸ್ತ್ರವೈದ್ಯರ ವಿಚಾರದಲ್ಲಿ ಕಣ್ಣು, ಕೈಗಳ ಬಲವೇ ಮುಖ್ಯ ಪ್ರಶ್ನೆ. ನಾನು ಮಾತನಾಡಬಯಸುವುದು ನ್ಯಾಯಾಧೀಶರ ಕುರಿತು. ಅಲ್ಲಿ ಪ್ರಶ್ನೆ ಬೇರೆಯೇ ಆಗಿದೆ.

1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ 65, ಹೈಕೋರ್ಟ್ ನ್ಯಾಯಮೂರ್ತಿಗಳಿಗೆ 60 ವರ್ಷಗಳ ಮಿತಿಯನ್ನು ವಿಧಿಸಲಾಯಿತು. ಹೈಕೋರ್ಟಿನ ಮಿತಿ 1963ರಲ್ಲಿ 62ಕ್ಕೇರಿತು. ಅದನ್ನು 65ಕ್ಕೇರಿಸಲು 2010ರಲ್ಲಿ ಮಂಡಿಸಿದ ಮಸೂದೆ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಸುಪ್ರೀಂ ಕೋರ್ಟಿನ ಪ್ರಥಮ ಮಹಿಳಾ ನ್ಯಾಯಮೂರ್ತಿ ಫಾತಿಮಾ ಬೀವಿ 1992ರಲ್ಲಿ ನಿವೃತ್ತರಾಗಿ, 2023ರಲ್ಲಿ ತಮ್ಮ 96ನೇ ವಯಸ್ಸಿನಲ್ಲಿ ನಿಧನರಾದರು. 65ಕ್ಕೆ ಬುದ್ಧಿ ಮಂಕಾಗುತ್ತದೆಂಬ ವಾದ ನಿಲ್ಲದು.

ಹಾಗಾದರೆ ಮಿತಿಯನ್ನೇ ತೆಗೆದುಬಿಡೋಣವೇ? ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮಿತಿಯಿಲ್ಲ. ರೂತ್ ಬೇಡರ್ ಗಿನ್ಸ್‌ಬರ್ಗ್ 2020ರಲ್ಲಿ 87ನೇ ವಯಸ್ಸಿನಲ್ಲಿ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಅವರ ಸ್ಥಾನವನ್ನು ತುಂಬುವುದು ಚುನಾವಣೆಯ ಹೊಸ್ತಿಲಲ್ಲಿ ಪಕ್ಷಗಳ ಕಾದಾಟವಾಯಿತು. ಇನ್ನು ಸಾಮರ್ಥ್ಯವನ್ನು ಅಳೆದು ಮುಂದುವರಿಸೋಣವೆಂದರೆ, ಅಳೆಯುವವರು ಯಾರು? ಜಾರಿ ನಿರ್ದೇಶನಾಲಯದ ನಿರ್ದೇಶಕರಿಗೆ ಕೇಂದ್ರ ಸರಕಾರ ಮತ್ತೆ ಮತ್ತೆ ಅವಧಿ ವಿಸ್ತರಣೆ ನೀಡಿತು. 2021 ಮತ್ತು 2022ರ ವಿಸ್ತರಣೆಗಳು ಕಾನೂನುಬಾಹಿರವೆಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ವಿಸ್ತರಣೆಯ ಕೀಲಿಕೈ ಆಳುವವರಲ್ಲಿದ್ದರೆ ನ್ಯಾಯಾಧೀಶರು ಯಾರ ಮುಖ ನೋಡಿಯಾರು? ಆದ್ದರಿಂದ ಎಲ್ಲರಿಗೂ ಒಂದೇ ವಯಸ್ಸು ಇರಲಿ. ಅದು ಯಾರ ಕೃಪೆಯನ್ನೂ ಬೇಡುವುದಿಲ್ಲ.

ಆದರೆ ಮುಂಬಾಗಿಲು ಮುಚ್ಚಿ ಹಿಂಬಾಗಿಲು ತೆರೆದಿಟ್ಟರೆ ಪ್ರಯೋಜನವೇನು? ಮುಖ್ಯ ನ್ಯಾಯಮೂರ್ತಿಯಾಗಿದ್ದ ರಂಜನ್ ಗೊಗೊಯ್ 2019ರ ನವೆಂಬರಿನಲ್ಲಿ ನಿವೃತ್ತರಾದರು. 2020ರ ಮಾರ್ಚಿನಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ನಮ್ಮ ದಕ್ಷಿಣ ಕನ್ನಡದವರೇ ಆದ ಅಬ್ದುಲ್ ನಝೀರ್ 2023ರ ಜನವರಿಯಲ್ಲಿ ನಿವೃತ್ತರಾಗಿ ಫೆಬ್ರವರಿಯಲ್ಲಿ ಆಂಧ್ರದ ರಾಜ್ಯಪಾಲರಾಗಿ ನೇಮಕಗೊಂಡರು. ಮಾಜಿ ಮುಖ್ಯ ನ್ಯಾಯಮೂರ್ತಿ ಸದಾಶಿವಂ 2014ರಲ್ಲಿ ಕೇರಳದ ರಾಜ್ಯಪಾಲರಾದರು. ಫಾತಿಮಾ ಬೀವಿಯವರೂ 1997ರಲ್ಲಿ ತಮಿಳುನಾಡಿನ ರಾಜ್ಯಪಾಲರಾಗಿದ್ದರು. ಯಾವ ಪಕ್ಷ ಆಳಿದರೂ ಈ ಚಾಳಿ ತಪ್ಪಿದ್ದಲ್ಲ. ಇವರ ತೀರ್ಪುಗಳಿಗೆ ಪ್ರತಿಫಲ ದೊರೆಯಿತೆಂದು ನಾನು ಹೇಳುತ್ತಿಲ್ಲ, ಅದಕ್ಕೆ ಪುರಾವೆಯಿಲ್ಲ. ಸೋತ ಕಕ್ಷಿದಾರನ ಮನದಲ್ಲಿ ಸಂಶಯ ಮೂಡಿದರೆ ಅದನ್ನು ನಿವಾರಿಸುವ ದಾರಿಯೂ ಇಲ್ಲ. ತಮ್ಮ ಪಾಲಿಗೆ ನ್ಯಾಯಾಲಯವೊಂದೇ ಆಸರೆಯೆಂದು ನಂಬಿದ ದುರ್ಬಲರಿಗೆ ಇದು ಸಣ್ಣ ನಷ್ಟವಲ್ಲ.

ಸಂವಿಧಾನ ರಚನಾ ಸಭೆಯಲ್ಲೇ ಕೆ.ಟಿ. ಶಾ ಅವರು ಇಂತಹ ನೇಮಕಗಳನ್ನು ನಿಷೇಧಿಸಬೇಕೆಂದು ತಿದ್ದುಪಡಿ ಸೂಚಿಸಿದ್ದರು. ಅದು ಅಂಗೀಕಾರವಾಗಲಿಲ್ಲ. 1958ರಲ್ಲಿ ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗವೂ ಈ ಪದ್ಧತಿಯನ್ನು ಆಕ್ಷೇಪಿಸಿತು. ಮಹಾಲೇಖಪಾಲರಿಗೆ 148ನೇ ವಿಧಿ ನಿವೃತ್ತಿಯ ನಂತರ ಸರಕಾರಿ ಹುದ್ದೆಯನ್ನು ನಿರಾಕರಿಸಿದೆ. ಲೆಕ್ಕ ಪರಿಶೋಧಿಸುವವರಿಗೆ ಇರುವ ಬೇಲಿ ನ್ಯಾಯ ಹೇಳುವವರಿಗೇಕಿಲ್ಲ?

ಮಾನವ ಹಕ್ಕು ಆಯೋಗದಂತಹ ಸಂಸ್ಥೆಗಳಿಗೆ ನಿವೃತ್ತ ನ್ಯಾಯಮೂರ್ತಿಗಳೇ ಬೇಕೆಂದು ಕಾನೂನೇ ಹೇಳುತ್ತದೆ, ನಿಜ. ಅಲ್ಲಿಯ ಆಯ್ಕೆಯನ್ನು ಸರಕಾರದ ಕೈಯಿಂದ ಬಿಡಿಸಬಹುದು. ರಾಜಭವನ, ರಾಜ್ಯಸಭೆಗಳಿಗೆ ಆ ನೆಪವೂ ಇಲ್ಲ. ಹೈಕೋರ್ಟಿನ ವಯೋಮಿತಿಯನ್ನು 65ಕ್ಕೇರಿಸಲಿ, ಕೊನೆಯ ವೇತನವನ್ನೇ ಪೂರ್ಣ ಪಿಂಚಣಿಯಾಗಿ ನೀಡಲಿ, ಅದೇ ಮಸೂದೆಯಲ್ಲಿ 148ನೇ ವಿಧಿಯ ನಿರ್ಬಂಧವನ್ನು ನ್ಯಾಯಾಧೀಶರಿಗೂ ಅನ್ವಯಿಸಲಿ. ಮತ ಕೇಳಲು ಬರುವ ಅಭ್ಯರ್ಥಿಗಳ ಮುಂದೆ ನಾವು ಈ ಬೇಡಿಕೆಯನ್ನು ಲಿಖಿತವಾಗಿ ಇಡಬಹುದು.