ಮನೆಯಂಗಳದ ಪ್ರತಿಭೆ



ಜ್ಯೇಷ್ಠ ಮಾಸದ ಕಡೆಯ ದಿನಗಳಲ್ಲಿ ನೀವು ವಿಜಯಪುರದ ಗಾಂಧಿ ಚೌಕವನ್ನು ಹಾದು ಹೋಗುವುದಾದರೆ, ರಸ್ತೆಯ ಅಂಚಿನಲ್ಲಿ ಗೋಣಿತಟ್ಟು ಹಾಸಿ ಅದರ ಮೇಲೆ ಜೋಡಿ ಜೋಡಿಯಾಗಿ ನಿಲ್ಲಿಸಿದ ಮಣ್ಣಿನ ಎತ್ತುಗಳನ್ನು ಕಾಣುವಿರಿ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಸಂತೆ ಸಾಮಾನಿಗೆಂದು ಬಂದವರು ಬಸ್ಸು ಹತ್ತುವ ಮೊದಲು ಒಂದು ಜೋಡಿಯನ್ನು ಕೊಂಡು, ಕೋಡು ಮುರಿಯದಂತೆ ಎದೆಗವಚಿಕೊಂಡು ನಡೆಯುತ್ತಾರೆ. ಕಾರಹುಣ್ಣಿಮೆಯ ದಿನ ಜೀವದ ಎತ್ತಿಗೆ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕರಿ ಹರಿಯಲು ಓಡಿಸಿದ ರೈತನು, ಹದಿನೈದು ದಿನ ಕಳೆದು ಬರುವ ಅಮಾವಾಸ್ಯೆಗೆ ಅದೇ ಎತ್ತನ್ನು ಮಣ್ಣಿನಲ್ಲಿ ಮಾಡಿ ಜಗುಲಿಯ ಮೇಲೆ ಕೂಡಿಸಿ ಪೂಜಿಸುತ್ತಾನೆ. ನಮ್ಮ ಭಾಗದಲ್ಲಿ ಇದಕ್ಕೆ ಮಣ್ಣೆತ್ತಿನ ಅಮಾವಾಸ್ಯೆಯೆಂದು ಹೆಸರು.

ಈ ಎತ್ತುಗಳನ್ನು ಮುಂದಿಟ್ಟುಕೊಂಡು ‘ಸೃಜನಶೀಲತೆ’ ಎಂಬ ವಿಷಯವನ್ನು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ. ಈ ಪದ ಈಚಿನದು. ನಾನು ಪಂಡಿತ ಪರೀಕ್ಷೆಗೆ ಓದುವಾಗ ನಮಗೆ ಕಲಿಸಿದ ಪದ ‘ಪ್ರತಿಭೆ’. ಹಳೆಯ ಪದದ ಮೇಲೆ ನನಗೆ ಮೋಹ ಹೆಚ್ಚು, ಅದನ್ನೇ ಬಳಸಲು ಅಪ್ಪಣೆ ಕೊಡಿ. ಹೊಸ ಹೊಸದಾಗಿ ಅರಳುತ್ತಲೇ ಇರುವ ಬುದ್ಧಿಗೆ ಪ್ರತಿಭೆಯೆಂದು ಭಟ್ಟತೌತನು ಲಕ್ಷಣ ಹೇಳಿದನು. ಇದನ್ನು ನಾನು ಉರು ಹಚ್ಚಿದೆ, ಪರೀಕ್ಷೆಯಲ್ಲಿ ಬರೆದೆ, ಅಂಕ ಪಡೆದೆ. ಆದರೆ ಅದು ಕವಿಗಳ ಸೊತ್ತು, ಮನೆ ಮಠ ಮಕ್ಕಳ ಗದ್ದಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಬಹುಕಾಲ ನಂಬಿದ್ದೆ. ಆ ನಂಬಿಕೆಯಿಂದ ನಾನು ಮಾಡಿದ ಒಂದು ತಪ್ಪನ್ನು ಮೊದಲು ನಿಮ್ಮೆದುರು ಒಪ್ಪಿಕೊಳ್ಳಬೇಕು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಮಗಳಿಗೆ ಆಗ ಏಳು ವರ್ಷ. ಅಮಾವಾಸ್ಯೆಯ ಹಿಂದಿನ ದಿನ ಹಾಲು ಕೊಡುವವನ ಕಡೆಯಿಂದ ಒಂದು ಮುದ್ದೆ ಎರೆಮಣ್ಣು ತರಿಸಿಕೊಂಡು ಹಿತ್ತಲಲ್ಲಿ ಕುಳಿತಿದ್ದಳು. ಡೋಣಿ ಹೊಳೆಯ ದಂಡೆಯ ನಮ್ಮ ಎರೆಮಣ್ಣು ನಿಮಗೆ ಗೊತ್ತೇ ಇದೆ. ಹಸಿಯಿದ್ದಾಗ ಬೆಣ್ಣೆಯಂತೆ ಮಾತು ಕೇಳುತ್ತದೆ, ಒಣಗಿದರೆ ಬಿರಿಯುತ್ತದೆ. ನಮ್ಮ ಅವ್ವ ಒಂದಿಷ್ಟು ಅರಳೆಯನ್ನು ಹಿಂಜಿ ಅದರಲ್ಲಿ ಕಲಸಿ ಕೊಟ್ಟಳಂತೆ. ಸಂಜೆ ನಾನು ಚೌಕದಿಂದ ಅಂದವಾದ ಒಂದು ಜೋಡಿ ಕೊಂಡು ಬಂದೆ. ಬೆನ್ನು ನುಣುಪು, ಕೋಡು ಸಮ, ಕೊರಳಲ್ಲಿ ಬಣ್ಣದ ಪಟ್ಟಿ. ಮಗಳು ತನ್ನ ಎತ್ತುಗಳನ್ನು ತಂದು ಪಕ್ಕಕ್ಕಿಟ್ಟಳು. ಒಂದು ಹೇಗೋ ನಿಂತಿತ್ತು. ಇನ್ನೊಂದರ ಮುಂದಿನ ಕಾಲು ಒಂದು ಕಾಣೆಯಾಗಿತ್ತು, ಮೈ ಮುಂದಕ್ಕೆ ಮುಗ್ಗರಿಸಿತ್ತು.

“ಎತ್ತಿಗೆ ನಾಕು ಕಾಲು ಇರ್ತಾವವ್ವಾ,” ಎಂದೆ. “ಇಲ್ಲಿ ನೋಡು, ಹಿಂಗ ಇರಬೇಕು.”

“ಅದು ಮಲಗಾಕತ್ತೈತಿ, ಅಪ್ಪಾ,” ಎಂದಳು.

ನಾನು ನಕ್ಕುಬಿಟ್ಟೆ. ಜಾಣತನದ ನೆಪವೆಂದು ತಿಳಿದೆ. ಜಗುಲಿಯ ಮೇಲೆ ಕೊಂಡು ತಂದ ಜೋಡಿ ಏರಿತು. ಅವಳ ಜೋಡಿ ಬಚ್ಚಲ ಕಟ್ಟೆಯ ಮೇಲೆ ಉಳಿದು ಆಷಾಢದ ಮಳೆಗೆ ಮಣ್ಣಾಯಿತು. ಮರುವರ್ಷ ಹಬ್ಬ ಬಂದಾಗ ನಾನೇ “ಮಣ್ಣು ತರಿಸಲೇನವ್ವಾ?” ಎಂದು ಕೇಳಿದೆ. “ಚೌಕದಾಗ ಚೊಲೋ ಸಿಗ್ತಾವಲ್ಲ, ಅಪ್ಪಾ,” ಎಂದಳು. ಮಗಳಿಗೆ ತಿಳಿವಳಿಕೆ ಬಂತೆಂದು ನಾನು ಸಂತೋಷಪಟ್ಟೆ ನೋಡಿ! ಬಂಧುಗಳೇ, ಮೂವತ್ತು ವರ್ಷ ಪಾಠ ಹೇಳಿದ ಮೇಲೂ ಆ ಸಂತೋಷವನ್ನು ನೆನೆದರೆ ನಾಚಿಕೆಯಾಗುತ್ತದೆ.

ಕೆಲವು ವರ್ಷ ಕಳೆದು ಬಬಲೇಶ್ವರದ ಕಡೆ ಒಬ್ಬ ಶಿಷ್ಯನ ಹೊಲಕ್ಕೆ ಹೋಗಿದ್ದೆ. ಮಧ್ಯಾಹ್ನ ನೊಗ ಇಳಿಸಿ ಎತ್ತುಗಳನ್ನು ಬೇವಿನ ನೆರಳಿಗೆ ಬಿಟ್ಟಿದ್ದರು. ಅದರಲ್ಲೊಂದು ಮಲಗಲು ಅಣಿಯಾಯಿತು. ಮೊದಲು ಒಂದು ಮುಂಗಾಲು ಮಡಿಚಿತು, ಎದೆ ಮುಂದಕ್ಕೆ ಬಾಗಿತು, ಹಿಂಗಾಲೆರಡೂ ಇನ್ನೂ ನೆಟ್ಟಗೆ ನಿಂತೇ ಇದ್ದವು. ಒಂದು ಕ್ಷಣ ಮಾತ್ರ; ಆಮೇಲೆ ಇನ್ನೊಂದು ಮುಂಗಾಲೂ ಮಡಿಚಿ, ಹಿಂಭಾಗವೂ ಇಳಿಯಿತು. ನನಗೆ ಹಿತ್ತಲಿನ ಆ ಎತ್ತು ಕಣ್ಣೆದುರು ಬಂತು. ಮಗು ನೆಪ ಹೇಳಿರಲಿಲ್ಲ. ಎಲ್ಲಿಯೋ ಕಂಡದ್ದನ್ನು ಕಂಡಂತೆ ಮಾಡಿತ್ತು. ಕಾಣದೆ ಇದ್ದವನು ನಾನು. ಚೌಕದ ಎತ್ತಿಗೆ ನಾಲ್ಕು ಕಾಲುಗಳಿದ್ದವು ನಿಜ, ಆದರೆ ಅದು ಎಂದೂ ದಣಿದ ಎತ್ತಲ್ಲ.

ರಾಜಶೇಖರನೆಂಬ ಆಲಂಕಾರಿಕನು ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ಒಡೆದು ಹೇಳುತ್ತಾನೆ. ಒಂದು ಕಾರಯಿತ್ರಿ, ಎಂದರೆ ಮಾಡುವವನಲ್ಲಿ ಇರುವುದು. ಇನ್ನೊಂದು ಭಾವಯಿತ್ರಿ, ಎಂದರೆ ಮಾಡಿದ್ದನ್ನು ಕಂಡು ಅನುಭವಿಸುವವನಲ್ಲಿ ಇರುವುದು. ಈ ಎರಡನೆಯದು ಇಲ್ಲದಿದ್ದರೆ ಮೊದಲನೆಯದರ ಶ್ರಮ ಫಲಿಸುವುದಿಲ್ಲ. ತರಗತಿಯಲ್ಲಿ ನಾನು ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ, ಸಹೃದಯನ ಲಕ್ಷಣವನ್ನು ಕಪ್ಪುಹಲಗೆಯ ಮೇಲೆ ಬರೆಸಿದ್ದೇನೆ. ನಮ್ಮ ಹಿತ್ತಲಲ್ಲಿ ಕಾರಯಿತ್ರಿ ಇತ್ತು. ಭಾವಯಿತ್ರಿ ಇರಬೇಕಾದ ಜಾಗದಲ್ಲಿ ಒಬ್ಬ ಮಾಸ್ತರ ನಿಂತಿದ್ದ. ಎಳೆಯ ಮಕ್ಕಳ ಪ್ರತಿಭೆ ಬಾಡುವುದು ಬಹುಮಟ್ಟಿಗೆ ಹೀಗೆಯೇ ಎಂದು ನನ್ನ ಅನುಮಾನ. ಬೈಗುಳ ಬೇಕಾಗಿಲ್ಲ, ಪೆಟ್ಟು ಬೇಕಾಗಿಲ್ಲ; ಪಕ್ಕದಲ್ಲಿ ಒಂದು ಚೆಂದದ ಮಾದರಿ ಇಟ್ಟರೆ ಸಾಕು.

ಹಾಗಾದರೆ ಮಗು ಮಾಡಿದ್ದೆಲ್ಲ ಸರಿಯೇ, ಕಟ್ಟುಪಾಡು ಬೇಡವೇ ಎಂದು ನೀವು ಕೇಳಬಹುದು. ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಳ್ಳೆಯ ಉತ್ತರವಿದೆ. ಹಲಸಂಗಿ ಎಂಬ ಹಳ್ಳಿಯ ಹೆಸರು ಕನ್ನಡ ಓದಿದವರಿಗೆಲ್ಲ ಗೊತ್ತು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಕೂಡಿ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಆ ಹಾಡುಗಳು ಹುಟ್ಟಿದ್ದು ಸಭೆಯಲ್ಲಲ್ಲ. ನಸುಕಿನಲ್ಲಿ, ಬೀಸುಕಲ್ಲಿನ ಮುಂದೆ. ಮನೆಮಂದಿಯ ರೊಟ್ಟಿಗೆ ಜೋಳ ಬೀಸಬೇಕು, ನಿದ್ದೆ ಕಣ್ಣಲ್ಲಿದೆ, ತೊಡೆಯ ಮೇಲೆ ಕೂಸಿದೆ. ಕಲ್ಲಿನ ಸುತ್ತಿಗೆ ಒಂದು ಗತಿಯಿದೆ. ಆ ಗತಿಗೆ ತವರಿನ ನೆನಪನ್ನೋ ಅತ್ತೆಯ ಮಾತನ್ನೋ ಹೊಂದಿಸಿ ಹೆಣ್ಣುಮಗಳು ಒಂದು ತ್ರಿಪದಿ ಹೇಳುತ್ತಾಳೆ. ಎದುರು ಕುಳಿತವಳು ಇನ್ನೊಂದು ಹೇಳುತ್ತಾಳೆ.

ಈ ತ್ರಿಪದಿಯ ನಿಯಮ ಸಡಿಲವಾದದ್ದಲ್ಲ. ಒಟ್ಟು ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಡಲು ಎರಡು ವಾರ ಹಿಡಿಯುತ್ತದೆ. ಆಮೇಲೂ ಪ್ರಸ್ತಾರ ಹಾಕುವಾಗ ಬೆವರುತ್ತಾರೆ. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ, ಸುಮಾರು 700ರ ಕಾಲದ್ದು, ಅದರಲ್ಲಿಯೂ ಇದೇ ತ್ರಿಪದಿ. ಬಾದಾಮಿಯ ಕಲ್ಲುಬಂಡೆಯಿಂದ ಹಲಸಂಗಿಯ ಬೀಸುಕಲ್ಲಿನವರೆಗೆ ಸಾವಿರದ ಇನ್ನೂರು ವರ್ಷ ಈ ಛಂದಸ್ಸು ಜೀವಂತವಾಗಿ ಉಳಿದು ಬಂತು. ಅಕ್ಷರ ಬಾರದ ತಾಯಂದಿರ ಬಾಯಿ ಅದಕ್ಕೊಂದು ಮುಖ್ಯ ಆಸರೆಯಾಗಿತ್ತು. ಆ ತಾಯಂದಿರಿಗೆ ಗಣದ ಹೆಸರು ತಿಳಿಯದು, ಆದರೆ ಗಣ ತಪ್ಪಿದರೆ ಕೈಯಲ್ಲಿನ ಕಲ್ಲು ತಿಳಿಸುತ್ತಿತ್ತು. ಕಟ್ಟುಪಾಡು ಅಲ್ಲಿಯೇ ಇತ್ತು, ಕೆಲಸದೊಳಗೇ ಇತ್ತು. ಹೊರಗಿನಿಂದ ಯಾರೂ ತಂದು ಪಕ್ಕದಲ್ಲಿ ಇಡಲಿಲ್ಲ. ಕನ್ನಡ ನಾಡಿನ ಜನ ಕುಳಿತು ಓದದೆಯೂ ಕಾವ್ಯದಲ್ಲಿ ನುರಿತವರು ಎಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೇಳುವುದನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಮಾತಿನ ಬೆನ್ನಿಗೇ ಆ ಕವಿ ಚಿಕ್ಕ ಮಕ್ಕಳನ್ನೂ ಮೂಗರನ್ನೂ ಬಲ್ಲವರ ಸಾಲಿಗೆ ಸೇರಿಸುತ್ತಾನೆ. ಅಲ್ಲಿಗೆ ಬಂದಾಗ ನಾವು ಪುಟ ಮಗುಚುತ್ತೇವೆ.

ಮಕ್ಕಳ ಆಟವನ್ನು ನಿಂತು ನೋಡಿದರೆ ಈ ಕೆಲಸದೊಳಗಿನ ಕಟ್ಟುಪಾಡು ಅಲ್ಲಿಯೂ ಕಾಣುತ್ತದೆ. ಚೌಕಾಬಾರ ಆಡಲು ಕವಡೆಯಿಲ್ಲ. ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದರೆ ಕವಡೆಯಾಯಿತು. ಹೆಚ್ಚು ಉಜ್ಜಿದರೆ ಬೀಜ ತೆಳುವಾಗಿ ಒಂದೇ ಮಗ್ಗುಲಿಗೆ ಬೀಳುತ್ತದೆ, ಆಗ ಜೊತೆಯವರು ಜಗಳಕ್ಕೆ ಬರುತ್ತಾರೆ. ಆ ಜಗಳದಲ್ಲಿ ಮಗು ನ್ಯಾಯವನ್ನೂ ಕಲಿಯುತ್ತದೆ. ಸುಗ್ಗಿಯ ನಂತರ ಬಣವೆಯಿಂದ ಒಂದು ಕಣಕಿ ಎಳೆದುಕೊಂಡು ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಬಂಡಿ ಮಾಡುತ್ತಾರೆ, ಕನ್ನಡಕ ಮಾಡಿ ಮೂಗಿನ ಮೇಲೆ ಏರಿಸಿಕೊಂಡು ಮಾಸ್ತರರಾಗುತ್ತಾರೆ. ಒಮ್ಮೆ ನಮ್ಮ ಓಣಿಯಲ್ಲಿ ಹೀಗೆ ಮಾಸ್ತರನಾದ ಹುಡುಗನೊಬ್ಬ ಕಣಕಿಯ ಕನ್ನಡಕವನ್ನು ತುದಿಮೂಗಿಗೆ ಇಳಿಸಿ, ಅದರ ಮೇಲಿಂದ ದಿಟ್ಟಿಸಿ, ಕೆಮ್ಮಿ, “ತಪ್ಪು!” ಎಂದ. ಯಾರ ಅನುಕರಣೆಯೆಂದು ನಾನು ವಿಚಾರಿಸಲು ಹೋಗಲಿಲ್ಲ.

ಇನ್ನು ಕೌದಿ. ಹಳೆಯ ಸೀರೆ, ಹರಿದ ಧೋತರ, ಕೂಸಿನ ಅಂಗಿ, ಎಲ್ಲವೂ ಅದರಲ್ಲಿ ಒಂದೊಂದು ತುಂಡಾಗಿ ಸೇರುತ್ತವೆ. ನಮ್ಮ ಅವ್ವ ತುಂಡುಗಳನ್ನು ನೆಲದ ಮೇಲೆ ಹರವಿ, ಹೊಲಿಯುವ ಮುನ್ನ ಅರ್ಧ ದಿನ ಸುಮ್ಮನೆ ನೋಡುತ್ತಿದ್ದಳು. ಕೆಂಪು ಇಲ್ಲಿ ಬೇಡ, ಅಲ್ಲಿ ಎಂದು ಸರಿಸುತ್ತಿದ್ದಳು. ಚಳಿ ತಡೆಯಲು ಕೆಂಪು ಎಲ್ಲಿದ್ದರೇನು? ಆ ಅರ್ಧ ದಿನಕ್ಕೆ ಲೆಕ್ಕ ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಪಶ್ಚಿಮ ದೇಶದಲ್ಲಿ ಫ್ರೋಬೆಲ್ ಎಂಬ ಜರ್ಮನ್ ಶಿಕ್ಷಕನು 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, ಉಣ್ಣೆಯ ಚೆಂಡು, ಮರದ ಗುಂಡು ಮತ್ತು ಘನಗಳನ್ನು ಅವರ ಕೈಗಿತ್ತನು. ಆಟವೇ ಮಗುವಿನ ಮುಖ್ಯ ಕೆಲಸವೆಂಬುದು ಅವನ ಮತ. ನಮ್ಮ ದೇಶದಲ್ಲಿ ವಕೀಲಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಡನೆ ಪ್ರಯೋಗ ನಡೆಸಿದರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ಕೊಟ್ಟರು. ಇವರೆಲ್ಲ ದೊಡ್ಡವರು. ಆದರೆ ನಮ್ಮ ನಾಡಿನ ಹಬ್ಬಗಳ ಪಂಚಾಂಗ ಬರೆದವರು ಯಾರೋ, ಅವರೂ ಮಕ್ಕಳನ್ನು ಬಲ್ಲವರೇ. ಮುಂಗಾರು ಬಿದ್ದು ಮಣ್ಣು ಹದವಾಗುವ ಹೊತ್ತಿಗೆ ಎತ್ತು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಲಗಂಜಿ ಕುಸುಬೆಗಳಿಂದ ಸಿಂಗರಿಸುವ ಗುಳ್ಳವ್ವ. ಶ್ರಾವಣಕ್ಕೆ ಹುತ್ತದ ಮಣ್ಣಿನ ನಾಗಪ್ಪ. ಭಾದ್ರಪದಕ್ಕೆ ಗಣಪ, ಜೋಕುಮಾರ. ದೀಪಾವಳಿಗೆ ಸೆಗಣಿಯ ಪಾಂಡವರು. ಮಾಡು, ಪೂಜಿಸು, ನೀರಿಗೆ ಬಿಡು, ಮತ್ತೆ ಮಾಡು. ಕಳೆದ ವರ್ಷದ ಎತ್ತು ಈ ವರ್ಷ ಇರುವುದಿಲ್ಲವಾದ್ದರಿಂದ ಅದನ್ನು ನೋಡಿ ನಕಲು ಮಾಡುವ ಉಪಾಯವೂ ಇಲ್ಲ.

ಈಗ ಎಲ್ಲವೂ ಅಂಗಡಿಯಲ್ಲಿ ಸಿದ್ಧ. ಕುಂಬಾರನ ಮೇಲೆ ನನ್ನ ಆಕ್ಷೇಪವಿಲ್ಲ. ಅವನ ಎತ್ತು ಅವನ ಕೈಯ ಪ್ರತಿಭೆ, ಅದರಿಂದ ಅವನ ಮನೆಯ ಒಲೆ ಉರಿಯಬೇಕು. ಚೌಕದಲ್ಲಿ ಒಂದು ಜೋಡಿ ಖಂಡಿತ ಕೊಳ್ಳಿ. ನನ್ನ ಚಿಂತೆ ಬೇರೆ. ಶಾಲೆಯಲ್ಲಿ ‘ಪ್ರಾಜೆಕ್ಟ್’ ಎಂದು ಮಗುವಿಗೆ ಕೊಡುತ್ತೇವೆ, ರಾತ್ರಿ ಹನ್ನೊಂದಕ್ಕೆ ತಂದೆ ಕತ್ತರಿ ಹಿಡಿದು ಕೂರುತ್ತಾನೆ, ಮಗು ಮಲಗಿರುತ್ತದೆ. ಬೆಳಗ್ಗೆ ನಾವು ಮೇಜಿನ ಮೇಲೆ ಸಾಲಾಗಿಟ್ಟು ತಂದೆಯರಿಗೆ ಅಂಕ ಹಾಕುತ್ತೇವೆ. ನಾನೂ ಹಾಕಿದ್ದೇನೆ. ವಾರೆಯಾಗಿದ್ದ, ಅಂಟು ಸುರಿದಿದ್ದ, ನಿಜವಾಗಿ ಮಗುವೇ ಮಾಡಿದ್ದ ಒಂದಕ್ಕೆ ಎಲ್ಲಕ್ಕಿಂತ ಕಡಿಮೆ ಹಾಕಿದ್ದೂ ಉಂಟು. ತಂದೆತಾಯಂದಿರಲ್ಲಿ ಒಂದು ಬಿನ್ನಹ: ಮಗು ಏನನ್ನಾದರೂ ಮಾಡಿ ತಂದು ತೋರಿಸಿದಾಗ, ಚೆನ್ನಾಗಿದೆ ಎಂದೂ ಹೇಳಬೇಡಿ, ಹೀಗಲ್ಲ ಎಂದೂ ಹೇಳಬೇಡಿ. ‘ಇದು ಏನು ಮಾಡುತ್ತಿದೆ?’ ಎಂದು ಕೇಳಿ, ಉತ್ತರ ಮುಗಿಯುವ ತನಕ ಕುಳಿತಿರಿ. ನನಗೆ ಆ ಸಂಜೆ ಉತ್ತರ ಸಿಕ್ಕಿತ್ತು; ಕುಳಿತಿರಲು ಪುರಸೊತ್ತು ಇರಲಿಲ್ಲ.

ಈ ವರ್ಷ ಹಬ್ಬಕ್ಕೆ ಮಗಳು ಊರಿಗೆ ಬಂದಿದ್ದಳು, ಐದು ವರ್ಷದ ಮೊಮ್ಮಗಳೊಡನೆ. ನಾನೇ ಎರೆಮಣ್ಣು ತರಿಸಿ, ಅವ್ವ ಮಾಡುತ್ತಿದ್ದಂತೆ ಅರಳೆ ಹಿಂಜಿ ಕಲಸಿದೆ. ಮಗಳನ್ನೂ ಕರೆದೆ. “ನನಗ ಬರೂದಿಲ್ಲ, ಅಪ್ಪಾ,” ಎಂದು ನಕ್ಕು, ಮೊಬೈಲಿನಲ್ಲಿ ಕೂಸಿನ ಚಿತ್ರ ತೆಗೆಯುತ್ತ ಬಾಗಿಲಲ್ಲಿಯೇ ನಿಂತಳು. ಎರಡು ಸಲ ಕರೆದೆ. ಮೂರನೆಯ ಸಲ ಕರೆಯಲು ನನಗೆ ಬಾಯಿ ಬರಲಿಲ್ಲ.

ಮೊಮ್ಮಗಳು ಮೂರು ಎತ್ತು ಮಾಡಿದಳು. ಮೂರಕ್ಕೂ ಗುಲಗಂಜಿಯ ಕಣ್ಣು. ಜೋಡಿಯೆಂದರೆ ಎರಡು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡು, “ಈ ಮೂರನೇದು ಏನ್ ಮಾಡತೈತಿ?” ಎಂದೆ.

“ಒಂದಕ್ಕ ದಣಿವು ಆಗತೈತಲ್ಲ ಅಜ್ಜಾ, ಆಗ ಇದು ಹೋಗತೈತಿ,” ಎಂದಳು.

ಮನೆಯವಳು ಮೂರನ್ನೂ ಜಗುಲಿಯ ಮೇಲೆ ಇಟ್ಟಳು. ನಾನು ಮಾಡಿಟ್ಟಿದ್ದ ಮಣ್ಣಿನ ಗ್ವಾದಲಿ ಎರಡು ಎತ್ತಿಗೆ ಮಾತ್ರ ಸಾಲುವಷ್ಟಿತ್ತು. ಮೂರನೆಯದು ಮೇಯುವುದು ಹೇಗೆಂದು ಮೊಮ್ಮಗಳು ಕೇಳಿದಳು. ನೈವೇದ್ಯಕ್ಕೆ ಇನ್ನೂ ಹೊತ್ತಿತ್ತು; ಗ್ವಾದಲಿಯನ್ನು ಉದ್ದ ಮಾಡಲು ನಾನು ಮತ್ತೆ ಮಣ್ಣು ಕಲಸಲು ಕುಳಿತೆ.