ಬದಲಾಗಲಿ ಬಿಡಿಭಾಗ, ಉಳಿಯಲಿ ಯಂತ್ರ



ಕಡಿಮೆ ಹಣದಲ್ಲಿ ಗಣಕಯಂತ್ರವನ್ನು ಸ್ವತಃ ಜೋಡಿಸುವವರು ಮೊದಲು ಆಯಬೇಕಾದುದು ಪ್ರೊಸೆಸರನ್ನಲ್ಲ, ಬಹುಕಾಲ ಬಾಳುವ ಮದರ್‌ಬೋರ್ಡನ್ನು. 2017ರಲ್ಲಿ ಕೊಂಡ ಅನೇಕ ಎಎಂ4 ಬೋರ್ಡುಗಳು, ಬಯಾಸ್ ನವೀಕರಣದ ಬಳಿಕ, 2021ರ ರೈಜೆನ್ 5 5600ಜಿ ಪ್ರೊಸೆಸರನ್ನೂ ಒಪ್ಪಿಕೊಂಡವು. ಗ್ರಾಫಿಕ್ಸ್ ಅದರಲ್ಲೇ ಅಡಕವಾಗಿರುವುದರಿಂದ ಪ್ರತ್ಯೇಕ ಕಾರ್ಡನ್ನು ಅಗತ್ಯ ಬಿದ್ದಾಗ ಕೊಳ್ಳಬಹುದು. 2022ರಲ್ಲಿ ಬಂದ ಎಎಂ5 ಬೋರ್ಡಿಗಾದರೋ ಡಿಡಿಆರ್5 ಮೆಮೊರಿಯೇ ಬೇಕು. ಕೈಯಲ್ಲಿರುವ ಡಿಡಿಆರ್4 ಹೊಂದದು. ನಾಲ್ಕು ಮೆಮೊರಿ ಕಿಂಡಿಗಳಿದ್ದರೆ ಎರಡನ್ನು ಈಗ ತುಂಬಿ, ಎರಡನ್ನು ಮುಂದಕ್ಕೆ ಉಳಿಸಿಕೊಳ್ಳಿ.

ಪವರ್ ಸಪ್ಲೈಯಲ್ಲಿ ಮಾತ್ರ ಜಿಪುಣತನ ಸಲ್ಲದು: ವಿದ್ಯುತ್ತಿನ ಏರಿಳಿತ ಮಾಮೂಲಾದ ಮಲೆನಾಡಿನಲ್ಲಿ ಕಳಪೆ ಘಟಕ ಕೆಟ್ಟರೆ ಉಳಿದ ಭಾಗಗಳನ್ನೂ ಸುಟ್ಟೀತು.

ಎಸೆದ ಬೋರ್ಡುಗಳನ್ನು ಬಯಲಲ್ಲಿ ಸುಟ್ಟಾಗ ಸೀಸದಂಥ ವಿಷಲೋಹಗಳು ನೆಲಜಲಗಳನ್ನು ಸೇರುತ್ತವೆ. ಒಂದೊಂದೇ ಭಾಗ ಬದಲಿಸಬಲ್ಲ ಯಂತ್ರವು ಆ ರಾಶಿಯನ್ನು ಕಿರಿದಾಗಿಸುತ್ತದೆ.